ಎಲ್ಲಿಗವ್ವನ ಸೌತೆಕಾಯಿ

ಆಲೂರಿನಿಂದ ಆದೋನಿಗೆ ಹೋಗುವ ಬಂಡಿದಾರಿಯಲ್ಲಿ, ಆದೋನಿ ಇನ್ನೆರಡು ಹರದಾರಿ ಇದೆ ಎನ್ನುವಾಗ, ಎಡಗಡೆಗೆ ಒಂದು ಬೇವಿನ ಮರ ಸಿಗುತ್ತಿತ್ತು. ಮರದ ಕೆಳಗೆ ಜೋಳದ ದಂಟಿನ ಚಪ್ಪರ, ಚಪ್ಪರದ ಕೆಳಗೆ ಗೋಣಿತಟ್ಟು, ತಟ್ಟಿನ ಮೇಲೆ ಒದ್ದೆಬಟ್ಟೆ ಹೊದ್ದ ಸೌತೆಕಾಯಿ, ಬದನೆಕಾಯಿ, ಹೀರೆಕಾಯಿ, ಒಂದಷ್ಟು ಪುಂಡಿಪಲ್ಯದ ಕಟ್ಟು. ಅವುಗಳ ಹಿಂದೆ ಗಾದಿಲಿಂಗಮ್ಮ. ಅವಳ ಹಿಂದೆ ಅವಳದೇ ಒಂದೂವರೆ ಎಕರೆ ತೋಟ, ತೋಟದ ನಡುವೆ ಬಾವಿ, ಬಾವಿಯ ಪಕ್ಕಕ್ಕೆ ಮಣ್ಣಿನ ಗೋಡೆಯ ಗುಡಿಸಲು. ಸುತ್ತ ಎಲ್ಲಿ ನೋಡಿದರೂ ಎರೆಹೊಲ, ಹತ್ತಿ, ಬಿಸಿಲು. ಅಷ್ಟರ ನಡುವೆ ಇದೊಂದು ಅಂಗೈಯಗಲದ ತಂಪು.

ಗಾದಿಲಿಂಗಮ್ಮ ಎಂದು ಅವಳನ್ನು ಕರೆಯುವವರೇ ಕಡಿಮೆಯಾಗಿದ್ದರು. ಬಂಡಿಯವರಿಗೆಲ್ಲ ಅವಳು ಎಲ್ಲಿಗವ್ವ. ಈ ಹೆಸರು ಪ್ರೀತಿಯಿಂದ ಬಂದದ್ದಲ್ಲ. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ತಿಳಿದುಕೊಳ್ಳಲೇಬೇಕೆಂದು ಬಾಯಿ ತುರಿಸಿದರೆ "ದೂರ ಹೊಂಟೀರೇನ್ರಿ?" ಎನ್ನಬೇಕು, ಹೇಳುವ ಮನಸ್ಸಿದ್ದವರು ಹೇಳುತ್ತಾರೆ, ಇಲ್ಲದವರು ಹೂಂ ಎಂದು ಮುಂದೆ ಹೋಗುತ್ತಾರೆ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಈ ಮಾತನ್ನು ಈ ಹೆಂಗಸು, ಐವತ್ತರ ಹತ್ತಿರ ಬಂದವಳು, ದಿನಾ ಬೆಳಿಗ್ಗೆ ದಾರಿಯ ಮೇಲೆ ಕೂತು ಮುರಿಯುತ್ತಿದ್ದಳು.

"ಎಲ್ಲಿಗೆ ಹೊಂಟೀರಿ, ಅಯ್ಯನೋರೆ?"

ಕಮಾನು ಬಂಡಿಯೊಳಗೆ ಕೂತಿದ್ದ ಪಂಚಾಕ್ಷರಯ್ಯ ಮುಖ ಸಿಂಡರಿಸಿದರು. ಅವರು ಆಲೂರಿನ ಹತ್ತಿ ದಲ್ಲಾಳಿ, ವಾರಕ್ಕೆರಡು ಸಲ ಆ ದಾರಿಯಲ್ಲಿ ಬರುವವರು.

"ಥೂ ನಿನ್ನ! ಹಾಕಿದ್ಯಾ ಬಾಯಿ? ಇವತ್ತರ ಯಾಪಾರದ ಮಾತು ಮುಗಸೋಣು ಅಂತ ಹೊಂಟೀನಿ. ಇನ್ನ ಮುಗದಂಗ!"

"ಎಲ್ಲಿಗಂತ ಹೇಳ್ರಿ ಅಂದ್ರ."

"ಆದೋನಿಗೆ ಕಣಬೇ, ಆದೋನಿಗೆ! ಈ ದಾರಿ ಇನ್ನೆಲ್ಲಿಗೆ ಹೋಗ್ತೈತಿ, ಕಾಶಿಗೇನು?"

"ಅಲ್ಲೆ ಯಾರಾದ್ರೂ ಒಬ್ಬಾಕಿ ಹೆಣ್ಮಗಳು ಕಂಡ್ರ ನೋಡ್ರಿ. ಎಡಗೈ ಮ್ಯಾಲೆ ಚೇಳಿನ ಹಚ್ಚಿ ಐತಿ. ಉರುಕುಂದಮ್ಮ ಅಂತ ಹೆಸರು."

"ಆರು ವರ್ಷದಿಂದ ಇದನ್ನs ಹೇಳಾಕತ್ತಿ," ಎಂದು ಅಯ್ಯನವರು ಗೊಣಗುತ್ತ ಬಂಡಿಯಿಂದ ಇಳಿದರು. ಇಳಿಯದೆ ವಿಧಿಯಿರಲಿಲ್ಲ. ಅಪಶಕುನವಾದ ಮೇಲೆ ಒಂದಿಷ್ಟು ಹೊತ್ತು ಕೂತು, ನೀರು ಕುಡಿದು, ಹೊಸದಾಗಿ ಹೊರಟವರಂತೆ ಹೊರಡಬೇಕು. ಬೇವಿನ ನೆರಳಲ್ಲಿ ಕೂತ ಮೇಲೆ ಬರೀ ನೀರು ಹೇಗೆ ಕುಡಿಯುವುದು? ಒಂದು ಸೌತೆಕಾಯಿ. ಒಂದು ತಿಂದ ಮೇಲೆ ಇನ್ನೊಂದು. ಹೋಗುವಾಗ ಮನೆಗೆಂದು ನಾಲ್ಕು ಬದನೆಕಾಯಿ. "ನಿನ್ನ ಕಾಯಿ ಖರ್ಚಾಗ್ಲಿ ಅಂತ ಹಿಂಗ ಶಕುನ ಕೆಡಿಸ್ತೀಯವ್ವ ನೀನು, ನನಗ ಗೊತ್ತೈತಿ," ಎಂದು ಪಂಚಾಕ್ಷರಯ್ಯ ಹಲ್ಲುಸಂದಿಯ ಬೀಜ ತೆಗೆಯುತ್ತ ಹೇಳಿದರೆ ಬಂಡಿ ಹೊಡೆಯುವವನೂ ನಗುತ್ತಿದ್ದ. ಗಾದಿಲಿಂಗಮ್ಮ ನಗುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಹಿಂದಿನ ಬಂಡಿಯ ಮೇಲೆ ಬಿದ್ದಿರುತ್ತಿತ್ತು.

ಅವಳ ಸೌತೆಕಾಯಿಯ ಮಾತನ್ನು ಹೇಳಲೇಬೇಕು. ಕುತ್ತಿಗೆ ಒಂದು ಕಡೆಗೆ ಸೊಟ್ಟ, ಮೈಮೇಲೆ ಮೂರೇ ಮೂರು ಹಳದಿ ಪಟ್ಟೆ. ಅಂಥ ಕಾಯಿ ಆ ಸುತ್ತಿನಲ್ಲಿ ಬೇರೆ ಯಾರ ತೋಟದಲ್ಲೂ ಇರಲಿಲ್ಲ. ಮದುವೆಯಾಗಿ ಬರುವಾಗ ಅವಳ ತಾಯಿ ಉಡಿಯಲ್ಲಿ ಕಟ್ಟಿ ಕಳಿಸಿದ ಬೀಜ ಅದು. ಕುತ್ತಿಗೆಯ ಹತ್ತಿರ ತುಸು ಕಹಿ. ಅದಕ್ಕೆ ತುದಿ ಕೊಯ್ದು, ಆ ತುಂಡಿನಿಂದಲೇ ಕಾಯಿಯ ಬಾಯನ್ನು ಗುಂಡಗೆ ತಿಕ್ಕಬೇಕು. ಬಿಳಿ ನೊರೆ ಬಂದು ಕಹಿ ಹೊರಗೆ ಹೋಗುತ್ತದೆ. ಎಲ್ಲರೂ ಎರಡು ಸುತ್ತು ತಿಕ್ಕಿ ಬಿಟ್ಟರೆ ಇವಳು ತಾಯಿ ಕಲಿಸಿದಂತೆ ಏಳು ಸುತ್ತು ಬಲಕ್ಕೆ, ಏಳು ಸುತ್ತು ಎಡಕ್ಕೆ ತಿಕ್ಕುತ್ತಿದ್ದಳು. ಆಮೇಲೆ ಉಪ್ಪು, ಖಾರದಪುಡಿ. ಬೀಜವನ್ನು ಡಬ್ಬಿಯಲ್ಲಿ ಇಡುವ ರೂಢಿಯೂ ಅವಳಿಗಿರಲಿಲ್ಲ. ಬೂದಿ, ಸಗಣಿ ಕಲಸಿ ಬೀಜವನ್ನು ಗುಡಿಸಲಿನ ಒಳಗೋಡೆಗೆ ಅಂಗೈಯಿಂದ ಒತ್ತಿ ಬಡಿದು ಬಿಡುವುದು. ಹುಳ ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ. ಬೇಕಾದಾಗ ಕೆರೆದು ತೆಗೆದರಾಯಿತು.

ಗಂಡ ಸುಂಕಣ್ಣ ಬಾವಿ ತೋಡಿದವನು. ನೀರು ಕಂಡ ಮೂರನೇ ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟ. ಉಳಿದದ್ದು ಒಬ್ಬಳೇ ಮಗಳು, ಉರುಕುಂದಮ್ಮ. ಉರುಕುಂದದ ಈರಣ್ಣಸ್ವಾಮಿಗೆ ಹರಕೆ ಹೊತ್ತು ಹುಟ್ಟಿದವಳು. ತೋಟ ಮಾಡಿ, ಕಾಯಿ ಮಾರಿ, ಗಾದಿಲಿಂಗಮ್ಮ ಅವಳನ್ನು ಬೆಳೆಸಿದಳು. ಆಲೂರಿನ ಆಚೆಯ ಒಂದು ಹಳ್ಳಿಗೆ, ನಾಲ್ಕೆತ್ತಿನ ಮನೆಗೆ ಕೊಟ್ಟಳು. ಎಂಟು ವರ್ಷವಾದರೂ ಮಕ್ಕಳಾಗಲಿಲ್ಲ. ಅಳಿಯ ಇನ್ನೊಬ್ಬಳನ್ನು ತಂದ. ಉರುಕುಂದಮ್ಮನ ಚಾಪೆ ಪಡಸಾಲೆಯಿಂದ ದನದ ಕೊಟ್ಟಿಗೆಗೆ ಹೋಯಿತು.

ಮೊದಲ ಸಲ ಮಗಳು ಅಳುತ್ತ ಬಂದಾಗ ಗಾದಿಲಿಂಗಮ್ಮ ಮೂರು ದಿನ ಇಟ್ಟುಕೊಂಡು, ತಾನೇ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಎರಡನೇ ಸಲ ಬಂದದ್ದು ದೀಪಾವಳಿ ಮುಗಿದ ಮೇಲೆ. ಆ ವರ್ಷದ ಮಳೆಗೆ ಬಾವಿಯ ಒಂದು ಮಗ್ಗುಲು ಕುಸಿದು ಕೂತಿತ್ತು. ಅದನ್ನು ಕಟ್ಟಲು ಹೊಳೆಯಾಚೆಯಿಂದ ಕಲ್ಲುಕೆಲಸದವನೊಬ್ಬ ಬಂದಿದ್ದ, ದುರುಗಣ್ಣ ಎಂದು. ಹೆಂಡತಿ ಸತ್ತವನು, ಮಾತು ಕಡಿಮೆ. ಎರಡು ತಿಂಗಳು ಬಾವಿಯೊಳಗೆ ನಿಂತು ಕಲ್ಲಿನ ಮೇಲೆ ಕಲ್ಲು ಕೂಡಿಸಿದ. ಉರುಕುಂದಮ್ಮ ಮೇಲಿನಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸುತ್ತಿದ್ದಳು, ಮಧ್ಯಾಹ್ನಕ್ಕೆ ರೊಟ್ಟಿ ಕೊಡುತ್ತಿದ್ದಳು. ಕೆಲಸ ಮುಗಿದ ದಿನ ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದ: "ಬಾವಿ ಕಲ್ಲು ಅಲ್ಲಾಡಿದ್ರ ಹೇಳಿ ಕಳಸವ್ವ. ಮಟಮಾರಿ ಟೇಶನ್ ಹತ್ರ ಕಲ್ಲು ಒಡಿಯೋ ದುರುಗ ಅಂದ್ರ ಯಾರಾದ್ರೂ ತೋರಸ್ತಾರ." ಗಾದಿಲಿಂಗಮ್ಮ ಆಗಲಪ್ಪ ಎಂದಳು. ಕಲ್ಲು ಅಲ್ಲಾಡಲಿಲ್ಲ, ಅವನು ಅವಳ ನೆನಪಿನಿಂದ ಜಾರಿಹೋದ.

ಅದಾಗಿ ಎಂಟು ದಿನಕ್ಕೆ ಮಗಳನ್ನು ಎರಡನೇ ಸಲ ಗಂಡನ ಮನೆಗೆ ಕಳಿಸಿದಳು. ಕಾಲು ಹಿಡಿದು ಬೇಡಿದರೂ ಕೇಳಲಿಲ್ಲ. "ಒಂದು ಕೂಸಾದ್ರ ಎಲ್ಲಾ ಸರಿ ಆಗ್ತೈತವ್ವ, ಹೋಗು," ಎಂದಳು. ಊರವರ ಬಾಯಿಗೆ ಹೆದರಿದಳು, ಅಷ್ಟೇ. ಮಗಳ ಕಣ್ಣೀರಿಗಿಂತ ಊರವರ ಬಾಯಿ ದೊಡ್ಡದಾಗಿ ಕಂಡಿತು. ಇದನ್ನು ಅವಳು ಆಮೇಲೆ ಎಷ್ಟು ಸಲ ನೆನೆದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳೋ ಅವಳಿಗೇ ಗೊತ್ತು.

ಮೂರನೇ ಸಲ ಮಗಳು ಬಂದದ್ದು ಶ್ರಾವಣದ ಒಂದು ಬೆಳಿಗ್ಗೆ. ಮನೆಗೆ ಬರಲಿಲ್ಲ, ಚಪ್ಪರದ ಮುಂದೆ ಬಂದು ನಿಂತಳು. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲು ಇನ್ನೂ ಒದ್ದೆ. ಕಂಕುಳಲ್ಲಿ ಒಂದು ಸಣ್ಣ ಗಂಟು. ಮುಖ ಆದೋನಿ ಕಡೆಗೆ. ಶ್ರಾವಣದಲ್ಲಿ ಹಾಗೆ ಹೊರಟ ಹೆಂಗಸು ಎಂದರೆ ಉರುಕುಂದಕ್ಕೆ, ಈರಣ್ಣಸ್ವಾಮಿಗೆ ಎಂದೇ ಅರ್ಥ. ಮಕ್ಕಳ ಹರಕೆ ಹೊತ್ತು ಹೊರಟಿದ್ದಾಳೆ ಎಂದುಕೊಂಡು ತಾಯಿಯ ಜೀವ ಹಿಗ್ಗಿತು. ದೇವರಿಗೆ ಹೊರಟವಳನ್ನು ಎಲ್ಲಿಗೆ ಎಂದು ಯಾವ ತಾಯಿ ಕೇಳುತ್ತಾಳೆ?

ಉರುಕುಂದಮ್ಮ ಕೂತು ಒಂದು ಸೌತೆಕಾಯಿ ತಿಂದಳು. ಆಮೇಲೆ, "ಅವ್ವಾ, ಒಂದ್ ಹಿಡಿ ಸೌತಿ ಬೀಜ ಕೊಡು," ಎಂದಳು.

ಅತ್ತೆಮನೆಯ ಹಿತ್ತಲಿಗೆ ಇರಬೇಕು ಎಂದುಕೊಂಡು ಗಾದಿಲಿಂಗಮ್ಮ ಗುಡಿಸಲಿಗೆ ಹೋಗಿ ಗೋಡೆ ಕೆರೆದು ತಂದಳು. ಮಗಳು ಅದನ್ನು ಉಡಿಗೆ ಕಟ್ಟಿಕೊಂಡು ತಾಯಿಯ ಕಾಲಿಗೆ ಬಿದ್ದಳು. ಎದ್ದ ಮೇಲೂ ಹೋಗಲಿಲ್ಲ. ಸ್ವಲ್ಪ ಹೊತ್ತು ತಾಯಿಯ ಮುಖ ನೋಡುತ್ತ ನಿಂತಳು. ಆ ನಿಲುವಿನಲ್ಲಿ ಏನೋ ಇತ್ತು. ಗಾದಿಲಿಂಗಮ್ಮನ ನಾಲಿಗೆಯ ತುದಿಗೆ ಮಾತು ಬಂತು. ಬಂದದ್ದನ್ನು ನುಂಗಿಕೊಂಡಳು. "ಹೋಗಿ ಬಾರವ್ವ, ಒಳ್ಳೇದಾಗ್ಲಿ," ಎಂದಳು.

"ಬರ್ತೀನವ್ವ," ಎಂದು ಮಗಳು ನಡೆದಳು. ದಾರಿ ತಿರುಗುವಲ್ಲಿ ಒಂದು ಸಲ ಹಿಂದಿರುಗಿ ನೋಡಿದಳು.

ಎಂಟು ದಿನಕ್ಕೆ ಅಳಿಯನ ಕಡೆಯ ಇಬ್ಬರು ಬಂದು, "ಎಲ್ಲಿ ಮುಚ್ಚಿಟ್ಟೀಯೇ ಆಕಿನ?" ಎಂದು ಬಾಯಿಗೆ ಬಂದಂತೆ ಬೈದಾಗಲೇ ಗಾದಿಲಿಂಗಮ್ಮನಿಗೆ ಕಾಲ ಕೆಳಗಿನ ನೆಲ ಕುಸಿದದ್ದು. ಉರುಕುಂದಕ್ಕೆ ಓಡಿದಳು, ಅಲ್ಲಿ ಕಂಡವರಿಲ್ಲ. ಕೋಸಗಿ, ಆದೋನಿ, ಪತ್ತಿಕೊಂಡ ಎಂದು ತಿರುಗಿದಳು. ದಾರಿಯ ಬಾವಿಗಳನ್ನೆಲ್ಲ ಬಗ್ಗಿ ನೋಡಿದಳು. ಒಂದು ವರ್ಷ ಕಳೆದ ಮೇಲೆ ಊರವರು ಮಗಳ ಹೆಸರಲ್ಲಿ ಎಳ್ಳುನೀರು ಬಿಟ್ಟುಬಿಡು ಎಂದರು. ಅವಳು ಬಿಡಲಿಲ್ಲ. ಬಂದು ಚಪ್ಪರದಲ್ಲಿ ಕೂತಳು. ಮೊದಲು ಬಂದ ಬಂಡಿಯವನಿಗೆ, ತಾನು ಕೇಳದೆ ನುಂಗಿಕೊಂಡಿದ್ದ ಮಾತನ್ನೇ ಎತ್ತಿ ಎಸೆದಳು: "ಎಲ್ಲಿಗೆ ಹೊಂಟೀಯಪ್ಪ?"

ಅಂದಿನಿಂದ ಅದೇ. ಕೆಲವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಕೆಲವರು ಮಳೆಗಾಲದ ಕೆಸರನ್ನೂ ಲೆಕ್ಕಿಸದೆ ಹೊಲದೊಳಗೆ ಬಂಡಿ ಇಳಿಸಿ ಬಳಸಿಕೊಂಡು ಹೋದರು. ಮದುವೆ ದಿಬ್ಬಣದವರಂತೂ ಅವಳ ಮುಂದೆ ಬರುವಾಗ ವಾದ್ಯ ಜೋರಾಗಿ ಬಾರಿಸುತ್ತಿದ್ದರು, ಅವಳ ಮಾತು ಕಿವಿಗೆ ಬೀಳದಿರಲಿ ಎಂದು. ಅವಳಿಗೆ ಯಾವುದರ ಪರಿವೆಯೂ ಇರಲಿಲ್ಲ. ಅಂದು ಒಂದು ಮಾತು ಕೇಳಿದ್ದರೆ ಮಗಳು ಹೇಳುತ್ತಿದ್ದಳು. ಹೇಳಿದ್ದರೆ ತಾನು ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದಳು. ಏಳು ವರ್ಷ ಈ ಒಂದೇ ವಿಚಾರವನ್ನು ಅವಳು ಬೀಸುವ ಕಲ್ಲಿನಂತೆ ತಿರುಗಿಸಿದಳು.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ಬಳೆಗಾರ್ತಿ ದಸ್ತಗಿರಮ್ಮನ ಬುಟ್ಟಿಯಲ್ಲಿ ಗಾಜಿನ ಬಳೆಯೂ ಕಡಿಮೆಯಾಗಿತ್ತು. ದಸ್ತಗಿರಮ್ಮ ಆದೋನಿಯವಳು. ಇದ್ದ ಬಳೆಯನ್ನೇ ಹೊತ್ತು ರೈಲಿನಲ್ಲಿ ಹೊಳೆ ದಾಟಿ, ನಿಜಾಮರ ಸೀಮೆಯ ಹಳ್ಳಿಗಳವರೆಗೂ ಹೋಗಿ ಬರುತ್ತಿದ್ದಳು. ಮಗಳು ಹೋದ ಏಳನೇ ವರ್ಷದ ಶ್ರಾವಣದಲ್ಲಿ ಒಂದು ದಿನ ಆಲೂರಿನ ಕಡೆ ಹೊರಟವಳು ಬೇವಿನ ನೆರಳಲ್ಲಿ ಬುಟ್ಟಿ ಇಳಿಸಿದಳು.

"ಎಲ್ಲಿಗೆ..." ಎಂದು ಗಾದಿಲಿಂಗಮ್ಮ ಬಾಯಿ ತೆರೆಯುವಷ್ಟರಲ್ಲಿ ದಸ್ತಗಿರಮ್ಮ ಕೈ ಎತ್ತಿದಳು. "ಯಾ ಅಲ್ಲಾ! ಆಲೂರಿಗೇ ಹೊಂಟೀನಿ ತಾಯಿ, ನೀ ಕೇಳೋದು ಬ್ಯಾಡ. ಇಲ್ನೋಡು, ನಿನಗೊಂದು ತೋರಸ್ತೀನಿ. ಈ ಕಾಯಿ ನನ್ನ ತೋಟದಾಗ ಬಿಟ್ರ ಎಲ್ಲೂ ಇಲ್ಲ ಅಂತ ಮೆರಿತಿದ್ದೆಲ್ಲಾ?" ಎನ್ನುತ್ತ ಬುಟ್ಟಿಯ ಮೂಲೆಯಿಂದ ಒಂದು ಸೌತೆಕಾಯಿ ತೆಗೆದು ತಟ್ಟಿನ ಮೇಲಿಟ್ಟಳು.

ಕುತ್ತಿಗೆ ಸೊಟ್ಟ. ಮೈಮೇಲೆ ಮೂರು ಹಳದಿ ಪಟ್ಟೆ.

ಗಾದಿಲಿಂಗಮ್ಮ ಅದನ್ನು ಎತ್ತಿಕೊಂಡಳು. ತುದಿ ಕೊಯ್ಯಲು ಎರಡು ಸಲ ಚಾಕು ಹಾಕಬೇಕಾಯಿತು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕುತ್ತಿಗೆಯ ಹತ್ತಿರ ಅದೇ ಕಹಿ.

"ಎಲ್ಲಿದಿದು?"

"ಮಟಮಾರಿ ಟೇಶನ್ ಹತ್ರ. ರಾಯಚೂರು ರಸ್ತೆ ಮ್ಯಾಲೆ ಒಂದು ಚಪ್ಪರ ಐತಿ, ನಿಂದಿದ್ದಂಗs. ದಂಟಿನ ಚಪ್ಪರ, ಒದ್ದಿ ಬಟ್ಟಿ, ಎಲ್ಲಾ ಹಿಂಗs."

"ಯಾರು ಮಾರ್ತಾರ? ಹೆಣ್ಮಗಳಾ?"

"ಅಲ್ಲ. ಒಬ್ಬ ಗಂಡಸು. ಕಲ್ಲು ಒಡಿಯೋನಿರಬೇಕು, ಬೆರಳೆಲ್ಲಾ ಜಜ್ಜಿ ಹೋಗ್ಯಾವ. ಹೆಂಗಸರು ಮನಿಯಾಗಿದ್ರೇನೋ, ನಾ ನೋಡ್ಲಿಲ್ಲ. ಯಾಕಬೇ? ಏನಾತು?"

ಗಾದಿಲಿಂಗಮ್ಮ ತಿರುಗಿ ತನ್ನ ಬಾವಿಯನ್ನು ನೋಡುತ್ತಿದ್ದಳು. ಏಳು ವರ್ಷ ದಿನಾ ಆ ಕಲ್ಲಿನ ಮೇಲೆ ಕಾಲಿಟ್ಟು ನೀರು ಸೇದಿದ್ದಾಳೆ. ಒಂದು ಕಲ್ಲೂ ಅಲ್ಲಾಡಿಲ್ಲ. ಅಲ್ಲಾಡಿದ್ದರೆ ಹೇಳಿ ಕಳಿಸುತ್ತಿದ್ದಳು. ಹೇಳಿ ಕಳಿಸಿದ್ದರೆ ತಿಳಿಯುತ್ತಿತ್ತು. ಕಾಶಿ ಅಲ್ಲ, ಮದರಾಸಲ್ಲ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು. ಅವಳು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟಳು. ಆಮೇಲೆ ಅಳು ನಗು ಎರಡೂ ಒಟ್ಟಿಗೇ ಬಂದು ದಸ್ತಗಿರಮ್ಮನಿಗೆ ಗಾಬರಿಯಾಯಿತು.

ವಿಷಯ ತಿಳಿದ ಮೇಲೆ ದಸ್ತಗಿರಮ್ಮ ಆಲೂರಿಗೆ ಹೋಗುವುದನ್ನೇ ಬಿಟ್ಟಳು. ಬುಟ್ಟಿಯ ತಳದಲ್ಲಿ ಹುಲ್ಲಿನಲ್ಲಿ ಸುತ್ತಿ ಇಟ್ಟಿದ್ದ ಒಂದು ಡಜನ್ ಹಸಿರು ಬಳೆಯನ್ನು ತೆಗೆದು, "ಮಗಳಿಗೆ ಇಡಸವ್ವ. ನಿನ್ನ ಕೈ ಅಳತೀನ ಆಕಿದೂ ಇರಬೇಕು," ಎಂದಳು. ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ತಾನೇ ಕರೆದುಕೊಂಡು ಹೋಗಿ ಟಿಕೆಟ್ ತೆಗೆಸಿ ಹೆಂಗಸರ ಡಬ್ಬಿಯಲ್ಲಿ ಕೂರಿಸಿದಳು. ರೈಲು ಹೊರಡುವಾಗ ಕಿಟಕಿಯ ಹತ್ತಿರ ಬಂದು, ಎಲ್ಲವೂ ಗೊತ್ತಿದ್ದವಳು ಏನೂ ಗೊತ್ತಿಲ್ಲದವಳಂತೆ, "ದೂರ ಹೊಂಟಿಯೇನವ್ವ?" ಎಂದಳು.

"ಹೂನವ್ವ, ದೂರ," ಎಂದಳು ಗಾದಿಲಿಂಗಮ್ಮ.

ಅದುವರೆಗೆ ಅವಳು ರೈಲು ಹತ್ತಿದವಳಲ್ಲ. ಕೋಸಗಿ ದಾಟಿತು. ತುಂಗಭದ್ರೆಯ ಸೇತುವೆಯ ಮೇಲೆ ರೈಲು ಗಡಗಡ ಎನ್ನುವಾಗ ಅವಳು ಕಣ್ಣು ಮುಚ್ಚಿ ಬಳೆಯ ಗಂಟನ್ನು ಎದೆಗೆ ಒತ್ತಿಕೊಂಡಳು. ಮೊದಲು ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಕೂಡಿಸಿದಳು. ತಪ್ಪಾಯಿತವ್ವ ಎನ್ನಬೇಕು. ಎರಡು ಸಲ ಕಳಿಸಿದ್ದಕ್ಕೂ, ಮೂರನೇ ಸಲ ಕೇಳದೆ ಹೋದದ್ದಕ್ಕೂ. ಅಷ್ಟು ಹೇಳಿದ ಮೇಲೆ ಅವಳು ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ.

ಚಪ್ಪರ ಸ್ಟೇಷನ್ನಿನಿಂದ ಅರ್ಧ ಮೈಲಿಯೂ ಇರಲಿಲ್ಲ. ದೂರದಿಂದ ನೋಡಿದರೆ ಅವಳದೇ ಚಪ್ಪರವನ್ನು ಯಾರೋ ಕಿತ್ತು ತಂದು ಅಲ್ಲಿ ನೆಟ್ಟಂತಿತ್ತು. ಬೇವಿನ ಬದಲು ಹುಣಸೆಮರ. ತಟ್ಟಿನ ಮೇಲೆ ಸೌತೆಕಾಯಿಗಳ ಸೊಟ್ಟ ಕುತ್ತಿಗೆಗಳೆಲ್ಲ ಒಂದೇ ಕಡೆಗೆ ಬರುವಂತೆ ಜೋಡಿಸಿತ್ತು. ಹಾಗೆ ಜೋಡಿಸುವುದು ಅವಳ ರೂಢಿ. ಹಿಂದೆ ಗಂಡಸೊಬ್ಬ ಕೂತಿದ್ದ. ತಲೆ ಹಣ್ಣಾಗಿತ್ತು. ಅವನು ಮುಖ ಎತ್ತದೆ, "ಏನ್ ಕೊಡ್ಲಿ, ತಾಯಿ?" ಎಂದ.

"ಒಂದು ಸೌತಿಕಾಯಿ ಕೊಯ್ದು ಕೊಡಪ್ಪ."

ಅವನು ಕಾಯಿ ಆರಿಸಿದ. ತುದಿ ಕೊಯ್ದ. ಆ ತುಂಡಿನಿಂದ ಬಲಕ್ಕೆ ಏಳು ಸುತ್ತು ತಿಕ್ಕಿದ, ಎಡಕ್ಕೆ ಏಳು ಸುತ್ತು ತಿಕ್ಕಿದ. ನೊರೆ ಒರೆಸಿ, ಉಪ್ಪು ಖಾರ ಹಚ್ಚಿ ಕೈ ನೀಡಿದ. ಎದುರಿನ ಹೆಂಗಸು ತೆಗೆದುಕೊಳ್ಳದೆ ಸುಮ್ಮನೆ ನಿಂತಿದ್ದರಿಂದ ಆಗ ಮುಖ ಎತ್ತಿ ನೋಡಿದ. ಮೆಲ್ಲಗೆ ಎದ್ದು ನಿಂತ.

"ಬಾವಿ ಕಲ್ಲು ಅಲ್ಲಾಡಿದ್ವೇನವ್ವಾ?" ಎಂದ.

"ಇಲ್ಲಪ್ಪ, ದುರುಗಣ್ಣ. ಒಂದೂ ಅಲ್ಲಾಡಿಲ್ಲ. ಉರುಕುಂದಿ ಎಲ್ಲಿ?"

ದುರುಗಣ್ಣ ಕೈಯಲ್ಲಿದ್ದ ಕಾಯಿಯನ್ನು ತಟ್ಟಿನ ಮೇಲಿಟ್ಟ. ಹಿಂದಿನ ಗುಡಿಸಲಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ಅಷ್ಟು ನೋಡಿದ್ದೇ ತಡ, ಗಾದಿಲಿಂಗಮ್ಮನಿಗೆ ತಿಳಿಯಿತು. ತಿಳಿದ ಮೇಲೂ ಕಿವಿಯಿಂದ ಕೇಳಲೇಬೇಕಲ್ಲ.

"ಬ್ಯಾಸಗ್ಯಾಗ ವಾಂತಿಭೇದಿ ಬಂದಿತ್ತವ್ವ ಈ ಕಡಿ. ಒಂದs ದಿನ. ಮುಂಜಾನಿ ಚಲೋ ಇದ್ಲು, ಸಂಜಿಗೆ ಇಲ್ಲ. ಇವತ್ತಿಗೆ ಮೂರು ತಿಂಗಳಾತು."

ಅವಳು ಅಳಲಿಲ್ಲ. ಹುಣಸೆಮರಕ್ಕೆ ಒರಗಿ ಕೂತಳು. ದುರುಗಣ್ಣ ನೀರು ತಂದುಕೊಟ್ಟ. ಅವಳ ಎದುರಿಗೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಎರಡು ತಿಂಗಳಲ್ಲಿ ಹತ್ತು ಮಾತನ್ನೂ ಆಡದಿದ್ದ ಆ ಮನುಷ್ಯ, ಏಳು ವರ್ಷದ ಮಾತನ್ನು ಹೇಳಿದ. ಉಡಿಕೆಯ ಮರುಮದುವೆ ಮಾಡಿಕೊಂಡದ್ದು, ಈ ಬೀಳು ನೆಲವನ್ನು ಇಬ್ಬರೂ ಹಸನು ಮಾಡಿದ್ದು, ಅವಳ ಉಡಿಯ ಬೀಜವನ್ನೇ ಮೊದಲು ಊರಿದ್ದು.

"ಒಂದು ಮಾತು ಹೇಳಿ ಕಳಸಬಾರದೇನಪ್ಪ?" ಎಂದಳು ಗಾದಿಲಿಂಗಮ್ಮ. "ಒಬ್ಬರ ಕೂಡ? ಸತ್ತೀನೋ ಬದುಕೀನೋ ಅಂತ?"

"ನಾ ಎಷ್ಟೋ ಸಲ ಅಂದೆವ್ವ. ಆಕಿ ಕೇಳಲಿಲ್ಲ. ಮೊದಲು ಆ ಮನಿಯವರು ಬರ್ತಾರಂತ ಹೆದ್ರಿಕಿ. ಆಮ್ಯಾಲೆ ಬ್ಯಾರೆ ಹೇಳಾಕಿ. ನಮ್ಮವ್ವಗ ಎಲ್ಲಾ ಗೊತ್ತೈತಿ ಅನ್ನಾಕಿ."

"ನನಗಾ?"

"ಹೂನವ್ವ. ತುಂಬಿದ ಮನಿಗೆ ಹೋಗೋರು ಯಾರಾದ್ರೂ ಬೀಜ ಒಯ್ತಾರೇನು, ಹೊಸಾ ಮನಿ ಹಿಡಿಯೋರು ಒಯ್ತಾರ. ಬೀಜ ಕೇಳಿದ ಕೂಡ್ಲೇ ಅವ್ವಗ ತಿಳೀತು ಅನ್ನಾಕಿ. ಎರಡು ಸಲ ಹೊಳ್ಳಿ ಕಳಿಸಿದಾಕಿ ಮೂರನೇ ಸಲ ಎಲ್ಲಿಗಂತ ಕೇಳಲಿಲ್ಲ, ನನ್ನ ಶಕುನ ಕೆಡಿಸಲಿಲ್ಲ, ಒಳ್ಳೇದಾಗ್ಲಿ ಅಂದು ಬೀಜ ಕೊಟ್ಟು ಕಳಿಸಿದ್ಲು, ಅಂಥಾ ತಾಯಿ ಯಾರಿಗೈತಿ, ಅಂತ ಬಂದೋರ ಮುಂದೆಲ್ಲಾ ಹೇಳಾಕಿ." ದುರುಗಣ್ಣ ಮೂಗು ಒರೆಸಿಕೊಂಡ. "ಬಾವಿ ಕಟ್ಟಿದಾಂವನ ಊರು ಅವ್ವಗ ಗೊತ್ತೈತಿ, ಊರ ಮಂದಿ ಬಾಯಿ ತಣ್ಣಗಾದ ಮ್ಯಾಲೆ ತಾನs ಬರ್ತಾಳ ಅನ್ನಾಕಿ. ನಾನs ಹೋದ್ರ ಇನ್ನೊಂದು ಸಲ ಹೊಳ್ಳಿ ಕಳಿಸಿದ್ಲಂದ್ರ ನನ್ನ ಜೀವ ತಡಿಯಲ್ಲ, ಆಕೀನ ಬರ್ಲಿ, ಅನ್ನಾಕಿ. ಅದಕ್ಕಂತನ ಈ ಚಪ್ಪರ ರಸ್ತೆ ಮ್ಯಾಲೆ ಹಾಕಿಸಿದ್ದು. ಟೇಶನ್ನಿನಿಂದ ಇಳಿದು ಬರೋರು ಎಲ್ಲಾರು ಕಾಣಸ್ತಾರಲ್ಲ ಇಲ್ಲಿಂದ."

ಏಳು ವರ್ಷ ಆ ದಾರಿಯಲ್ಲಿ ತಾಯಿ ಮಗಳಿಗೆ ಕಾದಿದ್ದಳು, ಈ ದಾರಿಯಲ್ಲಿ ಮಗಳು ತಾಯಿಗೆ ಕಾದಿದ್ದಳು. ಇಬ್ಬರ ಮುಂದೆಯೂ ಅವೇ ಸೌತೆಕಾಯಿಗಳು. ಗಾದಿಲಿಂಗಮ್ಮನಿಗೆ ಇಷ್ಟು ದಿನ ತನ್ನ ಮೇಲೆ ಸಿಟ್ಟಿತ್ತು; ಈಗ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕೇಳದೆ ಹೋದದ್ದೇ ತನ್ನ ಪಾಪ ಎಂದುಕೊಂಡಿದ್ದಳು. ಅದನ್ನೇ ಮಗಳು ತಾಯಿಯ ಆಶೀರ್ವಾದವೆಂದು ಉಡಿಯಲ್ಲಿ ಕಟ್ಟಿಕೊಂಡು ಹೋಗಿದ್ದಳು. ತಾನು ಅಷ್ಟು ಒಳ್ಳೆಯ ತಾಯಿಯಾಗಿರಲಿಲ್ಲ ಎಂದು ಹೇಳಲು ಸಹ ಈಗ ಮಗಳಿರಲಿಲ್ಲ.

ಹೊತ್ತು ಇಳಿಯುವ ಮುಂಚೆ ಹೋಗುವ ರೈಲಿತ್ತು. ದುರುಗಣ್ಣ ಅವಳನ್ನು ಗುಡಿಸಲ ಒಳಗೆ ಕರೆದ. "ನೀ ನೋಡಬೇಕವ್ವ ಇದನ್ನ," ಎಂದ.

ಒಳಗೋಡೆಯ ತುಂಬ ಬೂದಿ ಸಗಣಿಯಲ್ಲಿ ಕಲಸಿ ಬಡಿದ ಬೀಜ. ಒಂದೊಂದು ಬಡಿತದಲ್ಲೂ ಒಂದೊಂದು ಅಂಗೈ ಮೂಡಿತ್ತು. ಮಾಘದಲ್ಲಿ ಮಗಳು ಬಡಿದದ್ದು. ಐದೂ ಬೆರಳು ಸ್ಪಷ್ಟ ಕಾಣುತ್ತಿದ್ದವು. ಒಂದು ಬದಿಯ ನಾಲ್ಕೈದು ಅಂಗೈಗಳಷ್ಟನ್ನು ಕೆರೆದು ದುರುಗಣ್ಣ ಈ ಸಲದ ಬಿತ್ತನೆಗೆ ತೆಗೆದಿದ್ದ, ಉಳಿದದ್ದನ್ನು ಮುಟ್ಟಿರಲಿಲ್ಲ. ಗಾದಿಲಿಂಗಮ್ಮ ಹತ್ತಿರ ಹೋಗಿ ಒಂದು ಗುರುತಿನ ಮೇಲೆ ತನ್ನ ಅಂಗೈ ಇಟ್ಟಳು. ದಸ್ತಗಿರಮ್ಮ ಹೇಳಿದ್ದು ನಿಜ, ಅಳತೆ ಒಂದೇ ಇತ್ತು. ಆಗ ಅವಳಿಗೆ ಅಳು ಬಂತು. ಗೋಡೆಗೆ ಹಣೆ ಹಚ್ಚಿ, ರೈಲಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಆ ಅಂಗೈಗಳಿಗೆ ಹೇಳಿ ಹೇಳಿ ಅತ್ತಳು. ದುರುಗಣ್ಣ ಹೊರಗೆ ಹೋಗಿ ನಿಂತ.

"ಒಂದ್ ಹಿಡಿ ಬೀಜ ಒಯ್ಯವ್ವ," ಎಂದ ಅವನು, ಅವಳು ಹೊರಟಾಗ.

"ಬ್ಯಾಡಪ್ಪ. ಕೆರದ್ರ ಆಕಿ ಕೈ ಹೋಗ್ತೈತಿ. ಇರ್ಲಿ, ಹಂಗs ಇರ್ಲಿ."

ಮರುದಿನ ದಸ್ತಗಿರಮ್ಮ ಓಡುತ್ತ ಬಂದಳು. ತಟ್ಟಿನ ಮೇಲೆ, ಸೌತೆಕಾಯಿಗಳ ಪಕ್ಕಕ್ಕೆ, ಹುಲ್ಲು ಬಿಚ್ಚದ ಬಳೆಯ ಗಂಟು ಹಾಗೇ ಇತ್ತು. ಅವಳು ಅದನ್ನು ನೋಡಿದಳು, ಗಾದಿಲಿಂಗಮ್ಮನ ಮುಖ ನೋಡಿದಳು. ಒಂದು ಮಾತೂ ಕೇಳದೆ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

ಅವರು ಹಾಗೆ ಕೂತಿದ್ದಾಗಲೇ ಪಂಚಾಕ್ಷರಯ್ಯನ ಬಂಡಿ ಬಂತು. ಅಯ್ಯನವರು ಬೈಗುಳವನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡೇ ಬಂದಿದ್ದರು. ಬಂಡಿ ಮರದ ಎದುರಿಗೆ ಬಂತು. ಮರ ದಾಟಿ ನಾಲ್ಕು ಮಾರು ಮುಂದೆಯೂ ಹೋಯಿತು. ಮಾತಿಲ್ಲ. ಅವರಿಗೇ ಏನೋ ತಪ್ಪಿದಂತಾಗಿ ಬಂಡಿ ನಿಲ್ಲಿಸಿ ಇಳಿದು ಬಂದರು.

"ಯಾಕಬೇ, ಇವತ್ತು ಕೇಳಲೇ ಇಲ್ಲ?"

"ಕೇಳೋದು ಮುಗೀತ್ರಿ ಅಯ್ಯನೋರೆ," ಎಂದಳು ಗಾದಿಲಿಂಗಮ್ಮ. "ಹೋಗಿ ಬರ್ರಿ, ಒಳ್ಳೇದಾಗ್ಲಿ."

ಪಂಚಾಕ್ಷರಯ್ಯ ದಸ್ತಗಿರಮ್ಮನ ಕಡೆ ನೋಡಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ಅವರು ಟೋಪಿ ತೆಗೆದು ಸುಮ್ಮನೆ ನೆರಳಲ್ಲಿ ಕೂತರು, ನೀರು ಕೇಳಿ ಕುಡಿದರು. ಎದ್ದು ನಾಲ್ಕು ಹೆಜ್ಜೆ ಹೋದವರು ಮತ್ತೆ ಹಿಂದಿರುಗಿ ಬಂದು ಅವಳ ಮುಂದೆ ನಿಂತರು.

"ಆದೋನಿಗೆ ಹೊಂಟೀನವ್ವ," ಎಂದರು. "ಸಂಜಿಗೆ ಇದs ದಾರ್ಯಾಗ ಹೊಳ್ಳಿ ಬರ್ತೀನಿ."